ಬಂದು ಹೋಗುವ ಬೇನೆಯ ಪರೀಕ್ಷೆ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ನಮ್ಮ ಹಿರಿಯರ ಮಾತು. ಮಿತವಾಗಿ, ಹೊತ್ತಿಗೆ ಸರಿಯಾಗಿ ಉಂಡವರ ಬಳಿ ಬೇನೆ ಸುಳಿಯದೆಂಬುದು ಅದರ ಭಾವ. ಬಹುಮಟ್ಟಿಗೆ ಇದು ನಿಜವೇ. ಆದರೆ ಹೀಗೆ ಮಿತವಾಗಿ ಉಂಡ ಒಳ್ಳೆಯ ಗೋಧಿಯ ಚಪಾತಿಯೇ ಕೆಲವರ ಕರುಳನ್ನು ಕೆಡಿಸುತ್ತದೆಂದರೆ ನಂಬುವವರು ಕಡಿಮೆ. ಅಂಥ ಬೇನೆಯೊಂದಿದೆ. ವೈದ್ಯರು ಅದನ್ನು ಸೀಲಿಯಕ್ ರೋಗವೆನ್ನುತ್ತಾರೆ. ಬಿ.ಎ. ಓದುವವಳಿಗೆ ವೈದ್ಯಶಾಸ್ತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಈ ಬೇನೆ ನನಗಿದೆ. ಇದನ್ನು ಕಂಡುಹಿಡಿಯುವ ಪರೀಕ್ಷೆಯಲ್ಲಿ ಜೋಳದ ನಾಡಿನವರಾದ ನಾವು ತಿಳಿದಿರಲೇಬೇಕಾದ ಒಂದು ವಿಷಯವಿದೆ. ಅದನ್ನು ನನಗೆ ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಬೇನೆಯ ಸ್ವರೂಪವನ್ನು ನೋಡೋಣ. ಗೋಧಿಯ ಹಿಟ್ಟನ್ನು ನಾದಿದಾಗ ಅದು ಎಳೆದಷ್ಟೂ ಹಿಗ್ಗುತ್ತದೆ. ಜೋಳದ ಹಿಟ್ಟು ಹಾಗೆ ಹಿಗ್ಗುವುದಿಲ್ಲ. ಬಿಸಿನೀರು ಹಾಕಿ ನಾದಿ ಬಡಿದರೇನೇ ರೊಟ್ಟಿ. ಈ ವ್ಯತ್ಯಾಸಕ್ಕೆ ಕಾರಣ ಗೋಧಿಯಲ್ಲಿರುವ ಗ್ಲೂಟನ್ ಎಂಬ ಸಸಾರಜನಕ, ಎಂದರೆ ಪ್ರೋಟೀನು. ಜವೆಗೋಧಿಯಲ್ಲಿಯೂ ಇದೇ ಜಾತಿಯ ಸಸಾರಜನಕವುಂಟು. ಜೋಳ, ಸಜ್ಜೆ, ನವಣೆ, ಅಕ್ಕಿ, ಬೇಳೆಕಾಳುಗಳಲ್ಲಿ ಅದಿಲ್ಲ. ನಮ್ಮ ಸಣ್ಣ ಕರುಳಿನ ಒಳಮೈ ಕಂಬಳಿಯ ಮೇಲಣ ಎಳೆಗಳಂತೆ ಅತಿ ಸೂಕ್ಷ್ಮವಾದ ಚಾಚುಗಳಿಂದ ತುಂಬಿದೆ. ಉಂಡ ಅನ್ನದ ಸಾರವನ್ನು ಹೀರುವುವು ಇವೇ. ಸೀಲಿಯಕ್ ರೋಗವಿರುವವರು ಗ್ಲೂಟನ್ ತಿಂದಾಗ ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಆಗ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಇದು ಅಂಟುವ ರೋಗವಲ್ಲ, ಅಜೀರ್ಣವೂ ಅಲ್ಲ.

ಇಂಗ್ಲೆಂಡಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು 1888ರಲ್ಲಿಯೇ ಈ ಬೇನೆಯನ್ನು ವರ್ಣಿಸಿ, ಇದಕ್ಕೆ ಗುಣವೆಂಬುದಿದ್ದರೆ ಅದು ಆಹಾರದಿಂದಲೇ ಎಂದು ಸೂಚಿಸಿದ್ದರು. ಆದರೆ ಯಾವ ಆಹಾರವೆಂಬುದು ಅವರಿಗೆ ತಿಳಿಯಲಿಲ್ಲ. ಅದನ್ನು ಕಂಡವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕೆ. ರೊಟ್ಟಿಯೇ ಇದಕ್ಕೆ ಮೂಲವಿರಬೇಕೆಂಬ ಸಂಶಯ ಅವರಿಗೆ ಮಹಾಯುದ್ಧಕ್ಕೆ ಮುಂಚೆಯೇ ಇತ್ತು. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಘೋರ ಕ್ಷಾಮ ಬಿದ್ದು ರೊಟ್ಟಿ ದುರ್ಲಭವಾಯಿತು. ಊರೆಲ್ಲ ಹಸಿದಿದ್ದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರು. ಗೋಧಿಯ ರೊಟ್ಟಿ ಮರಳಿ ಬಂದೊಡನೆ ಮತ್ತೆ ಕೆಟ್ಟರು. ಡಿಕೆಯವರು ತಮ್ಮ ಸಂಶೋಧನೆಯನ್ನು 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧರೂಪದಲ್ಲಿ ಒಪ್ಪಿಸಿದರು. ಗೋಧಿ ಹೋದರೆ ಬೇನೆ ಹೋಗುವುದು, ಗೋಧಿ ಬಂದರೆ ಬೇನೆ ಬರುವುದು ಎಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಈ ಬೇನೆಯ ಲಕ್ಷಣಗಳು ಒಂದೇ ತೆರನಾಗಿರುವುದಿಲ್ಲ. ಕೆಲವರಿಗೆ ಭೇದಿ, ಹೊಟ್ಟೆಯುಬ್ಬರ, ತೂಕ ಇಳಿಯುವುದು. ಕೆಲವರಿಗೆ ಹೊಟ್ಟೆಯ ತೊಂದರೆಯೇ ಇಲ್ಲದೆ ಬರಿಯ ರಕ್ತಹೀನತೆ, ಆಯಾಸ, ಮತ್ತೆ ಮತ್ತೆ ಏಳುವ ಬಾಯಿಹುಣ್ಣು, ಎಲುಬಿನ ದುರ್ಬಲತೆ. ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗಬಹುದು. ಏನೊಂದೂ ಕಾಣದೆ ಒಳಗೊಳಗೇ ಕರುಳು ಸವೆಯುವುದೂ ಉಂಟು. ಇದ್ದ ಲಕ್ಷಣಗಳಾದರೂ ನಿಲ್ಲುವುದಿಲ್ಲ. ಒಂದು ತಿಂಗಳು ಕಾಡಿ ಮೂರು ತಿಂಗಳು ಸುಮ್ಮನಿರುತ್ತವೆ. ಇದಕ್ಕೆ ಒಂದು ಕಾರಣ ಕರುಳಿನ ಉದ್ದ. ಸಣ್ಣ ಕರುಳು ಸುಮಾರು ಆರು ಮೀಟರು ಇದೆ. ಕೆಡುವುದು ಮುಖ್ಯವಾಗಿ ಅದರ ಮೇಲಿನ ಭಾಗ. ಕೆಳಗಿನ ಭಾಗವು ಕೆಲಸವನ್ನು ಸ್ವಲ್ಪಮಟ್ಟಿಗೆ ತೂಗಿಸಿಕೊಂಡು ಹೋಗುವುದರಿಂದ ಬೇನೆ ಮರೆಯಾದಂತೆ ತೋರುತ್ತದೆ. ಆದುದರಿಂದ ಹೊಟ್ಟೆ ಸುಮ್ಮನಿದೆಯೆಂದರೆ ಕರುಳು ಗುಣವಾಗಿದೆಯೆಂದು ಅರ್ಥವಲ್ಲ.

ಎರಡನೆಯ ಕಾರಣ ನಮ್ಮ ನಾಡಿಗೆ ವಿಶೇಷವಾಗಿ ಸೇರಿದ್ದು. ಪಂಜಾಬು, ಹರಿಯಾಣಗಳಲ್ಲಿ ಗೋಧಿ ನಿತ್ಯದ ಊಟ. ರಾಯಚೂರು ಜಿಲ್ಲೆಯ ನಮ್ಮ ಕಲ್ಲೂರಿನಲ್ಲಾಗಲಿ, ಮಾನ್ವಿ, ದೇವದುರ್ಗಗಳ ಕಡೆಯ ಹಳ್ಳಿಗಳಲ್ಲಾಗಲಿ ನಿತ್ಯದ ಊಟವೆಂದರೆ ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ಅನ್ನ. ಗೋಧಿ ನಮ್ಮಲ್ಲಿ ನೆಂಟನಂತೆ ಬರುತ್ತದೆ: ಹಬ್ಬಕ್ಕೆ ಹೋಳಿಗೆ, ಮದುವೆಗೆ ಮಾದಲಿ, ಬೀಗರು ಬಂದರೆ ಶಾವಿಗೆ ಪಾಯಸ, ಪೇಟೆಗೆ ಹೋದಾಗ ಉಪ್ಪಿಟ್ಟು. ನೆಂಟ ಬಂದಾಗ ಬೇನೆಯೂ ಬರುತ್ತದೆ. ‘ಹಬ್ಬದ ಊಟ ಹೆಚ್ಚಾತು’ ಎಂದು ಜನ ಓಂಕಾಳಿನ ಕಷಾಯ ಕುಡಿಸುತ್ತಾರೆ. ನೆಂಟ ಹೋದ ಮೇಲೆ ಬೇನೆಯೂ ಇಳಿಯುತ್ತದೆ, ಕಷಾಯಕ್ಕೆ ಕೀರ್ತಿ ಬರುತ್ತದೆ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಇಲ್ಲಿ ಹೇಳಬೇಕು. ಭಾರತದ ಉತ್ತರ, ಈಶಾನ್ಯ, ದಕ್ಷಿಣ ಭಾಗಗಳಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಲಾಯಿತು. ದಕ್ಷಿಣದ ಪರೀಕ್ಷೆ ನಡೆದದ್ದು ವೆಲ್ಲೂರಿನಲ್ಲಿ. ಉತ್ತರದಲ್ಲಿ ನೂರಕ್ಕೆ 1.23 ಮಂದಿಗೆ ಈ ರೋಗವಿದ್ದರೆ ದಕ್ಷಿಣದಲ್ಲಿ ನೂರಕ್ಕೆ 0.10, ಎಂದರೆ ಸಾವಿರಕ್ಕೆ ಒಬ್ಬರು. ಈ ರೋಗಕ್ಕೆ ಎಡೆಗೊಡುವ ವಂಶವಾಹಿಗಳು ಮಾತ್ರ ಎರಡೂ ಕಡೆ ಹೆಚ್ಚು ಕಡಿಮೆ ಸಮವಾಗಿದ್ದವು: ಉತ್ತರದಲ್ಲಿ ನೂರಕ್ಕೆ 38, ದಕ್ಷಿಣದಲ್ಲಿ ನೂರಕ್ಕೆ 36. ದೊಡ್ಡ ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸುಮಾರು 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು ತಿನ್ನುತ್ತಿದ್ದದ್ದು ಸುಮಾರು 25 ಗ್ರಾಂ. ಆದರೆ ಇಂದು ಹಳ್ಳಿಯ ಹುಡುಗ ಹುಡುಗಿಯರು ಓದಿಗಾಗಿ ಪಟ್ಟಣ ಸೇರಿ, ಚಪಾತಿ, ಬಿಸ್ಕತ್ತು, ಬ್ರೆಡ್ಡುಗಳಿಗೆ ಹೊಂದಿಕೊಳ್ಳುತ್ತಿದ್ದಾರೆ. ವಂಶವಾಹಿ ಹಳೆಯದು, ತಟ್ಟೆ ಹೊಸದು. ಸಾವಿರಕ್ಕೆ ಒಬ್ಬರೆಂಬ ಲೆಕ್ಕವನ್ನು ನಂಬಿ ಇದು ನಮ್ಮ ಕಡೆಯ ರೋಗವಲ್ಲವೆಂದು ಬಿಟ್ಟುಬಿಡುವಂತಿಲ್ಲ.

ಇನ್ನು ಪರೀಕ್ಷೆಯ ವಿಚಾರ. ಮೊದಲನೆಯದು ರಕ್ತಪರೀಕ್ಷೆ. ರೋಗವಿರುವವರ ರಕ್ತದಲ್ಲಿ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ವಸ್ತುವಿಗೆ ವಿರುದ್ಧವಾದ ಪ್ರತಿಕಾಯಗಳು ಇರುತ್ತವೆ. ಜರ್ಮನಿಯ ವಿಜ್ಞಾನಿಗಳು 1997ರಲ್ಲಿ ಇದನ್ನು ಕಂಡುಹಿಡಿದರು. ಚೀಟಿಯಲ್ಲಿ ಇದನ್ನು ಟಿಟಿಜಿ-ಐಜಿಎ ಎಂದು ಬರೆಯುತ್ತಾರೆ. ಕೆಲವರ ದೇಹದಲ್ಲಿ ಐಜಿಎ ಜಾತಿಯ ಪ್ರತಿಕಾಯಗಳೇ ತೀರ ಕಡಿಮೆಯಿರುವುದರಿಂದ, ಒಟ್ಟು ಐಜಿಎ ಎಷ್ಟಿದೆಯೆಂಬುದನ್ನೂ ಜೊತೆಗೇ ನೋಡಬೇಕು. ಇಲ್ಲವಾದರೆ ರೋಗವಿದ್ದರೂ ಇಲ್ಲವೆಂಬ ಉತ್ತರ ಬರಬಹುದು. ರಕ್ತದಲ್ಲಿ ಸೂಚನೆ ಕಂಡರೆ ಎರಡನೆಯದು ಎಂಡೋಸ್ಕೋಪಿ. ಬಾಯಿಯ ಮೂಲಕ ತೆಳುವಾದ ನಳಿಗೆಯನ್ನು ಇಳಿಸಿ ಸಣ್ಣ ಕರುಳಿನ ಮೊದಲ ಭಾಗದಿಂದ ಎಳ್ಳುಕಾಳಿನಷ್ಟು ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕರುಳು ಒಂದೆಡೆ ಕೆಟ್ಟು ಇನ್ನೊಂದೆಡೆ ಚೆನ್ನಾಗಿರಬಹುದಾದ್ದರಿಂದ ಒಂದೇ ಚೂರು ಸಾಲದು. ಕನಿಷ್ಠ ನಾಲ್ಕಾದರೂ ಬೇಕು. ದಕ್ಷಿಣ ಭಾರತದಲ್ಲಿ ಈ ಎರಡೂ ಪರೀಕ್ಷೆಗಳನ್ನು ಕೂಡಿಸಿ ನೋಡುವುದು ಅಗತ್ಯ. ಏಕೆಂದರೆ ಚಾಚುಗಳು ಸವೆಯುವುದು ಬೇರೆ ಬೇನೆಗಳಲ್ಲಿಯೂ ಉಂಟು. ಟ್ರಾಪಿಕಲ್ ಸ್ಪ್ರೂ ಎಂಬುದು ಅಂಥ ಒಂದು ಬೇನೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು 1960ರ ದಶಕದಲ್ಲಿ ಅದನ್ನು ಆಳವಾಗಿ ಅಭ್ಯಾಸ ಮಾಡಿದರು. ಅದರ ಚಿಕಿತ್ಸೆ ಬೇರೆ, ಗೋಧಿ ಬಿಡುವುದರಿಂದ ಅದು ವಾಸಿಯಾಗದು.

ಈಗ ಮುಖ್ಯ ಮಾತಿಗೆ ಬರೋಣ. ಪರೀಕ್ಷೆಯ ದಿನ ಹೊಟ್ಟೆ ನೋಯುತ್ತಿರಬೇಕಾಗಿಲ್ಲ. ಆದರೆ ಆ ದಿನಗಳಲ್ಲಿ ಗೋಧಿ ತಿನ್ನುತ್ತಿರಬೇಕು. ಪ್ರತಿಕಾಯಗಳು ಹುಟ್ಟುವುದು ಗ್ಲೂಟನ್ನಿನಿಂದ. ಗ್ಲೂಟನ್ ನಿಂತರೆ ಅವು ವಾರ, ತಿಂಗಳುಗಳಲ್ಲಿ ಇಳಿಯುತ್ತವೆ, ಕರುಳೂ ಮೆಲ್ಲಮೆಲ್ಲನೆ ಚಿಗುರುತ್ತದೆ. ಆಗ ಪರೀಕ್ಷಿಸಿದರೆ ಕಳ್ಳ ಓಡಿಹೋದ ಮೇಲೆ ಮನೆಯನ್ನು ಶೋಧಿಸಿದಂತೆ. ಬ್ರಿಟನ್ನಿನ ವೈದ್ಯಕೀಯ ಮಾರ್ಗದರ್ಶಿಯ ಪ್ರಕಾರ ಪರೀಕ್ಷೆಗೆ ಮುನ್ನ ಕನಿಷ್ಠ ಆರು ವಾರ, ಪ್ರತಿದಿನವೂ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗ್ಲೂಟನ್ ಇರಬೇಕು. ಉತ್ತರದವರಿಗೆ ಈ ನಿಯಮ ತಾನಾಗಿಯೇ ನಡೆದಿರುತ್ತದೆ. ಜೋಳ ಉಣ್ಣುವ ನಮಗೆ ಅದನ್ನು ಬೇಕೆಂದೇ ನಡೆಸಬೇಕಾಗುತ್ತದೆ.

ನನ್ನ ಸಂಗತಿಯೂ ಹೀಗೆಯೇ. ವಸತಿನಿಲಯದಲ್ಲಿ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಚಪಾತಿ. ಅಲ್ಲಿದ್ದಾಗ ಹೊಟ್ಟೆಯುಬ್ಬರ, ಭೇದಿ, ಮೆಟ್ಟಿಲು ಹತ್ತಿದರೆ ಏದುಸಿರು. ರಜೆಗೆ ಕಲ್ಲೂರಿಗೆ ಹೋದರೆ ಹದಿನೈದು ದಿನಗಳಲ್ಲಿ ಆರಾಮ. ಮನೆಯ ಸೆಳೆತವೆಂದರು ಕೆಲವರು, ಪರೀಕ್ಷೆಯ ಭಯವೆಂದರು ಮತ್ತೆ ಕೆಲವರು. ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಗುಳಿಗೆಗಳು ನಾಟಲಿಲ್ಲ. ಎರಡು ತಿಂಗಳ ಬೇಸಗೆ ರಜೆ ಮುಗಿದ ಮೇಲೆ ಕಂಡ ಒಬ್ಬ ವೈದ್ಯರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ರಜೆಯಲ್ಲಿ ಏನು ಉಂಡೆಯಮ್ಮಾ?” ಜೋಳದ ರೊಟ್ಟಿ ಎಂದೆ. ಅವರು ರಕ್ತ ತೆಗೆಯಲಿಲ್ಲ. ಎಂಟು ವಾರ ವಸತಿನಿಲಯದ ಊಟವನ್ನು ತಪ್ಪದೆ ಉಂಡು ಬಾ, ತೀರ ತಡೆಯಲಾಗದಿದ್ದರೆ ಮುಂಚೆಯೇ ಬಾ ಎಂದರು. ತನಗೆ ಆಗದೆಂದು ಗುಮಾನಿಯಿರುವುದನ್ನೇ ದಿನವೂ ತಿನ್ನುವುದು ಸುಲಭದ ಕೆಲಸವಲ್ಲ. ಅವ್ವನಿಗೆ ತಿಳಿಸಿದಾಗ, “ಆಗಂಗಿಲ್ಲ ಅಂದಮ್ಯಾಲೆ ಬಿಟ್ಟುಬಿಡು, ಪರೀಕ್ಷೆ ಯಾಕ ಬೇಕು? ಹೆಣ್ಣಮಗಳಿಗೆ ಬ್ಯಾನಿ ಹೆಸರು ಹತ್ತಬಾರದು” ಎಂದಳು. ಅವಳ ಆತಂಕ ಸುಳ್ಳಲ್ಲ. ಆದರೆ ಹೆಸರಿಲ್ಲದ ಬೇನೆಯೂ ಹೆಣ್ಣುಮಗಳನ್ನು ಬಿಡುವುದಿಲ್ಲವಲ್ಲ! ಎಂಟು ವಾರದ ಮೇಲೆ ಮಾಡಿದ ರಕ್ತಪರೀಕ್ಷೆಯೂ ಕರುಳಿನ ಪರೀಕ್ಷೆಯೂ ಒಂದೇ ಉತ್ತರ ಹೇಳಿದವು.

ಅವ್ವ ಕೇಳಿದ ಪ್ರಶ್ನೆ ವಾಚಕರಿಗೂ ಹೊಳೆಯಬಹುದು: ಗೋಧಿ ಬಿಟ್ಟು ಹಾಯೆನಿಸಿದರೆ ಸಾಲದೇ? ಸಾಲದು. ಮೊದಲನೆಯದಾಗಿ, ಈ ರೋಗಕ್ಕೆ ಪಥ್ಯವು ಜೀವನಪರ್ಯಂತದ್ದು. ಹಬ್ಬದ ಒಂದು ಹೋಳಿಗೆಗೂ ವಿನಾಯಿತಿಯಿಲ್ಲ. ಖಚಿತವಾಗಿ ತಿಳಿಯದೆ ಅಂಥ ವ್ರತವನ್ನು ಹಿಡಿದವರು ಉಳಿಸಿಕೊಳ್ಳುವುದು ಕಷ್ಟ. ಎರಡನೆಯದಾಗಿ, ಗೋಧಿ ಬಿಟ್ಟಾಗ ಹಗುರವೆನಿಸುವವರಿಗೆಲ್ಲ ಸೀಲಿಯಕ್ ಇರುವುದಿಲ್ಲ. ಬೇರೆ ಬೇನೆಯಿದ್ದರೆ ಅದು ಒಳಗೇ ಉಳಿದೀತು. ಮೂರನೆಯದಾಗಿ, ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಹೆಚ್ಚು ಕಡಿಮೆ ಹತ್ತರಲ್ಲಿ ಒಬ್ಬರಿಗೆ ಇದು ಇರುವ ಸಂಭವವಿದೆ. ಒಬ್ಬರ ರೋಗ ಖಚಿತವಾದರೆ ಉಳಿದವರನ್ನೂ ಪರೀಕ್ಷಿಸಲು ದಾರಿಯಾಗುತ್ತದೆ. ಈಗಾಗಲೇ ಗೋಧಿ ಬಿಟ್ಟು, ಮತ್ತೆ ತಿನ್ನಲು ತಾಳಲಾರದವರಿಗೆ ವಂಶವಾಹಿಯ ಪರೀಕ್ಷೆಯೊಂದುಂಟು. ಅದಕ್ಕೆ ಊಟದ ಸಂಬಂಧವಿಲ್ಲ. ಆ ವಂಶವಾಹಿ ಇಲ್ಲವೆಂದರೆ ರೋಗವೂ ಬಹುತೇಕ ಇಲ್ಲವೆನ್ನಬಹುದು; ಇದೆಯೆಂದ ಮಾತ್ರಕ್ಕೆ ರೋಗವಿದೆಯೆಂದಲ್ಲ, ಏಕೆಂದರೆ ಅದು ಮೂವರಲ್ಲಿ ಒಬ್ಬರಿಗೆ ಇದ್ದೇ ಇರುತ್ತದೆ.

ರೋಗ ಖಚಿತವಾದವರಿಗೆ ನಮ್ಮ ಸೀಮೆಯಷ್ಟು ಅನುಕೂಲವಾದ ಸೀಮೆ ವಿರಳ. ಜೋಳವೇ ನಮ್ಮ ಪಥ್ಯ. ಎಚ್ಚರ ಬೇಕಾದದ್ದು ಸಣ್ಣ ವಿಷಯಗಳಲ್ಲಿ. ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳ ಬೀಸಿದರೆ ಕಲ್ಲಿನಲ್ಲಿ ಉಳಿದ ಹಿಟ್ಟು ಬೆರೆಯುತ್ತದೆ. ಅಂಗಡಿಯ ಹಿಂಗಿನಲ್ಲಿ ಗೋಧಿಯ ಹಿಟ್ಟು ಸೇರಿರುವುದುಂಟು. ಪೊಟ್ಟಣದ ತಿನಿಸನ್ನು ಗ್ಲೂಟನ್‌ರಹಿತವೆಂದು ಮಾರಬೇಕಾದರೆ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲೂಟನ್ ಇರಕೂಡದೆಂಬುದು ನಮ್ಮ ದೇಶದ ನಿಯಮ.

ಕೊನೆಯದಾಗಿ, ಬಂದು ಹೋಗುವ ಹೊಟ್ಟೆಬೇನೆ, ಗುಳಿಗೆಗೆ ಬಗ್ಗದ ರಕ್ತಹೀನತೆ ಇವುಗಳಿಂದ ಬಳಲುವ ಸಹಪಾಠಿಗಳಲ್ಲಿ ನನ್ನ ವಿನಂತಿಯಿಷ್ಟೆ. ಬೇನೆ ಯಾವಾಗ ಬಂತು, ಆ ವಾರ ಏನು ಉಂಡೆವು ಎಂಬುದನ್ನು ಎರಡು ತಿಂಗಳು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ವೈದ್ಯರನ್ನು ಕಾಣುವ ಮುನ್ನ ಗೋಧಿಯನ್ನು ತಾವಾಗಿಯೇ ಬಿಡಬೇಡಿ; ಬಿಟ್ಟಿದ್ದರೆ ಎಂದಿನಿಂದ ಬಿಟ್ಟಿರಿ ಎಂದು ತಿಳಿಸಿರಿ. ಬೇನೆ ಅಡಗಿರುವ ದಿನವೆಂದು ಪರೀಕ್ಷೆಯನ್ನು ಮುಂದೂಡಬೇಡಿ. ಒಮ್ಮೆ ಇಲ್ಲವೆಂಬ ಉತ್ತರ ಬಂದು ತೊಂದರೆ ಉಳಿದರೆ ಮತ್ತೆ ಕೇಳಲು ನಾಚಬೇಡಿ. ಈ ರೋಗ ಯಾವ ವಯಸ್ಸಿನಲ್ಲಾದರೂ ತಲೆದೋರಬಹುದು. ನನ್ನ ತಮ್ಮನಿಗೆ ಈಗ ಯಾವ ತೊಂದರೆಯೂ ಇಲ್ಲ. ಆದರೂ ದಸರೆಯ ರಜೆಯಲ್ಲಿ ಅವನ ರಕ್ತವನ್ನೂ ಪರೀಕ್ಷೆ ಮಾಡಿಸುವುದೆಂದು ಗೊತ್ತುಮಾಡಿದ್ದೇವೆ. ಅಲ್ಲಿಯವರೆಗೆ ಅವನಿಗಾಗಿ ಮನೆಯಲ್ಲಿ ಎರಡು ಹೊತ್ತೂ ಬೇರೆ ಒಲೆಯ ಮೇಲೆ ಚಪಾತಿ ಬೇಯುತ್ತಿದೆ.