ಅಜ್ಜನ ಗಡಿಯಾರ ನಿಂತುದೇಕೆ?

ಇಂಗ್ಲೆಂಡಿನ ಹಳೆಯ ಮನೆಗಳ ಹಜಾರದಲ್ಲಿ, ಆಳೆತ್ತರವನ್ನೂ ಮೀರಿದ ಮರದ ಪೆಟ್ಟಿಗೆಯೊಂದು ಗೋಡೆಗೆ ಬೆನ್ನು ಕೊಟ್ಟು ನಿಂತಿರುವುದುಂಟು. ನೆತ್ತಿಯಲ್ಲಿ ಗಡಿಯಾರದ ಮುಖ. ಒಡಲಲ್ಲಿ ಮೆಲ್ಲಗೆ ತೂಗುವ ಲೋಲಕ. ತಲೆಮಾರುಗಳ ಹುಟ್ಟುಸಾವುಗಳಿಗೆ ಸಾಕ್ಷಿಯಾದ ಇದಕ್ಕೆ ‘ಅಜ್ಜನ ಗಡಿಯಾರ’ವೆಂದು ಹೆಸರು.

ಈ ಹೆಸರು ಬಂದುದು ಒಂದು ಹಾಡಿನಿಂದ. 1876ರಲ್ಲಿ ಅಮೆರಿಕದ ಹೆನ್ರಿ ಕ್ಲೇ ವರ್ಕ್ ಪ್ರಕಟಿಸಿದ ಆ ಹಾಡಿನಲ್ಲಿ, ಅಜ್ಜ ಹುಟ್ಟಿದ ದಿನ ಕೊಂಡು ತಂದ ಗಡಿಯಾರವು ಆತನು ಸತ್ತಾಗ ತಾನೂ ನಿಂತುಬಿಡುತ್ತದೆ. ಹಾಡಿನ ಹೆಸರೇ ಗಡಿಯಾರಕ್ಕೆ ಅಂಟಿಕೊಂಡಿತು. ಗಡಿಯಾರ ಹೀಗೆ ಇದ್ದಕ್ಕಿದ್ದಂತೆ ನಿಲ್ಲುವುದುಂಟೆ? ಉಂಟು. ಆದರೆ ಅದರ ಕಾರಣವನ್ನು ಪೆಟ್ಟಿಗೆಯೊಳಗೇ ಹುಡುಕಬೇಕು.

1656ರಲ್ಲಿ ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗನ್ಸ್ ಗಡಿಯಾರಕ್ಕೆ ಲೋಲಕವನ್ನು ಅಳವಡಿಸಿದನು. ಮುಂದೆ 1670ರ ಸುಮಾರಿಗೆ ಇಂಗ್ಲೆಂಡಿನ ಕುಶಲಿಗಳು ಲಂಗರಿನ ಆಕಾರದ ತಡೆಯೊಂದನ್ನು ಬಳಕೆಗೆ ತಂದರು. ಅದರಿಂದ ಉದ್ದನೆಯ ಲೋಲಕವು ಕಿರಿದಾದ ಜಾಗದಲ್ಲಿ ತೂಗುವುದು ಸಾಧ್ಯವಾಯಿತು. ಸುಮಾರು 39 ಅಂಗುಲದ ಲೋಲಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲು ಸರಿಯಾಗಿ ಒಂದು ಸೆಕೆಂಡು ಬೇಕು. ಆ ಲೋಲಕಕ್ಕೂ, ದಿನದಿನಕ್ಕೆ ಕೆಳಗಿಳಿಯುತ್ತ ಚಕ್ರಗಳನ್ನು ತಿರುಗಿಸುವ ತೂಕದ ಗುಂಡುಗಳಿಗೂ ಸ್ಥಳ ಬೇಕು. ಗಡಿಯಾರದ ಈ ಎತ್ತರ ಬಂದುದು ಆಡಂಬರಕ್ಕಲ್ಲ, ಅವಶ್ಯಕತೆಗೆ.

ಎಂಟು ದಿನ ಓಡುವ ಗಡಿಯಾರಕ್ಕೆ ವಾರಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕು. ಆದರೂ ಕೆಲವು ಮನೆಗಳಲ್ಲಿ ಅದು ವಾರದ ಒಂದು ಗೊತ್ತಾದ ದಿನವೇ ನಿಲ್ಲುವುದು. ಭಾನುವಾರ ಕೀಲಿ ಕೊಟ್ಟರೆ ಶುಕ್ರವಾರವೋ ಶನಿವಾರವೋ ಮೌನ! ಮನೆಯವರಿಗೆ ಅಪಶಕುನದ ಭಯ. ನಿಜ ಸಂಗತಿಯೇ ಬೇರೆ. ಆ ಹೊತ್ತಿಗೆ ಗುಂಡುಗಳು ಲೋಲಕದ ಬಿಲ್ಲೆಯ ಮಟ್ಟಕ್ಕೆ ಇಳಿದಿರುತ್ತವೆ. ಪೆಟ್ಟಿಗೆ ಭದ್ರವಾಗಿಲ್ಲದಿದ್ದರೆ ಲೋಲಕದ ಅಲುಗಾಟ ಅದರ ಮೂಲಕ ಗುಂಡುಗಳಿಗೂ ಹರಿದು, ಅವೂ ತೂಗತೊಡಗುತ್ತವೆ. ಲೋಲಕದ ಬಲವನ್ನು ಕದಿಯುತ್ತವೆ. 1665ರಲ್ಲಿ ಹೈಗನ್ಸನೇ ಹಾಸಿಗೆ ಹಿಡಿದು ಮಲಗಿದ್ದಾಗ, ಪಕ್ಕಪಕ್ಕದ ಎರಡು ಗಡಿಯಾರಗಳ ಲೋಲಕಗಳು ಇಂತಹುದೇ ‘ಸಹಾನುಭೂತಿ’ಯಿಂದ ಜೊತೆಗೂಡಿ ತೂಗುವುದನ್ನು ಗಮನಿಸಿದ್ದನು.

ಪರಿಹಾರ ಸುಲಭ. ಪೆಟ್ಟಿಗೆಯನ್ನು ಸಮನಾಗಿ ನಿಲ್ಲಿಸಿ ಗೋಡೆಗೆ ಬಿಗಿಯಬೇಕು. ‘ಟಿಕ್’ ಮತ್ತು ‘ಟಾಕ್’ಗಳ ನಡುವಣ ಬಿಡುವು ಸಮವಾಗಿದೆಯೇ ಎಂದು ಕಿವಿಗೊಡಬೇಕು. ಮನೆ ಬದಲಿಸುವಾಗ ಗುಂಡುಗಳನ್ನೂ ಲೋಲಕವನ್ನೂ ಮೊದಲೇ ಕಳಚಬೇಕು. ಬೆಳ್ಳಿಯ ಲೇಪವುಳ್ಳ ಮುಖವನ್ನು ಹಿತ್ತಾಳೆ ಉಜ್ಜುವ ಪುಡಿಯಿಂದ ತಿಕ್ಕಲೇಬಾರದು. ಒಂದು ಗಳಿಗೆಯ ಉತ್ಸಾಹದಲ್ಲಿ ಶತಮಾನಗಳ ಲೇಪ ಅಳಿಸಿಹೋದೀತು.

ಹಾಗಾದರೆ ಹಾಡಿನ ಗಡಿಯಾರ ನಿಂತುದೇಕೆ? ಅದು ಕವಿಯ ಕಲ್ಪನೆ ಇರಬಹುದು. ಆದರೆ ಅನೇಕ ಮನೆಗಳಲ್ಲಿ ಕೀಲಿ ಕೊಡುವ ಕೆಲಸ ಒಬ್ಬ ಹಿರಿಯರ ಪಾಲಿನದು. ಅವರು ಹಾಸಿಗೆ ಹಿಡಿದು, ಮನೆಯವರೆಲ್ಲ ಅವರ ಸುತ್ತ ನೆರೆದಿರುವಾಗ ಕೀಲಿಯ ನೆನಪು ಯಾರಿಗೆ? ಎಂಟನೆಯ ದಿನ ಗುಂಡುಗಳು ತಳ ಮುಟ್ಟುತ್ತವೆ. ಗಡಿಯಾರಕ್ಕೆ ಅಜ್ಜನ ಸಾವಿನ ಅರಿವಿಲ್ಲ. ಅಜ್ಜನ ಕೈ ತನ್ನನ್ನು ಮುಟ್ಟಲಿಲ್ಲವೆಂಬುದಷ್ಟೇ ಅದಕ್ಕೆ ಗೊತ್ತು. ಆ ಕೀಲಿಯನ್ನು ಮೊಮ್ಮಗನ ಕೈಗೆ ಮೊದಲೇ ಕೊಟ್ಟಿರುವ ಮನೆಯಲ್ಲಿ ಅಜ್ಜನ ಗಡಿಯಾರ ನಿಲ್ಲುವುದಿಲ್ಲ.