ಸೆಂಟ್ರಿಂಗ್ ಬಡಿಗನ ಕಾಯಕ

ವಚನ ಸಾಹಿತ್ಯದ ಪಾಠದಲ್ಲಿ ಬಾಚಿಕಾಯಕದ ಬಸವಯ್ಯನ ಹೆಸರು ಬಂದಾಗ ‘ಬಾಚಿ ಎಂದರೇನು?’ ಎಂದು ಕೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ತಲೆ ಬಾಚುವ ಹಣಿಗೆ. ಬಾಚಿ ಬಡಿಗನ ಆಯುಧ. ಹಿಡಿಗೆ ಅಡ್ಡಲಾಗಿ ಅಲಗು ಕೂರಿಸಿ ಮರವನ್ನು ಕೆತ್ತುವ ಸಾಧನ. ಅದೇ ತರಗತಿಯಲ್ಲಿ ತಂದೆಯೋ ಅಣ್ಣನೋ ಸೆಂಟ್ರಿಂಗ್ ಕೆಲಸಕ್ಕೆ ಹೋಗುವ ವಿದ್ಯಾರ್ಥಿಗಳೂ ಇರುತ್ತಾರೆ. ಆ ದುಡಿಮೆಗಾರನು ಬಸವಯ್ಯನ ಕಾಯಕಬಂಧುವೆಂಬುದು ಅವರಿಗೂ ಹೊಳೆದಿರುವುದಿಲ್ಲ.

ಬಡಿಗ ಎಂಬ ಮಾತು ಸಂಸ್ಕೃತದ ವರ್ಧಕಿಯ ತದ್ಭವ. ಮರಾಠಿಯ ಸುತಾರ ಬಂದಿರುವುದು ಸೂತ್ರಧಾರದಿಂದ; ಅಳತೆಯ ದಾರ ಹಿಡಿದವನೆಂದು ಅದರ ಅರ್ಥ. ನಾನು ಕನ್ನಡ ಶಾಲೆಯಲ್ಲಿ ಗರಗಸವೆಂದೂ ಮರಾಠಿ ಶಾಲೆಯಲ್ಲಿ ಕರವತವೆಂದೂ ಕಲಿತದ್ದು ಒಂದೇ ಸಾಧನವನ್ನು. ಮೊದಲನೆಯದರ ಮೂಲ ಕ್ರಕಚ, ಎರಡನೆಯದರ ಮೂಲ ಕರಪತ್ರ. ಆದರೆ ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಕೆಲಸದ ಜಾಗದಲ್ಲಿ ನಿಂತು ಕೇಳಿದರೆ ಈ ಭೇದ ಉಳಿಯುವುದಿಲ್ಲ. ಮೂಲೆ ನೋಡುವ ಗುಣ್ಯಾ, ಮರ ನುಣುಪುಗೊಳಿಸುವ ರಂಧಾ, ನೆಟ್ಟಗೆ ನಿಂತಿದೆಯೇ ಎಂದು ಪರೀಕ್ಷಿಸುವ ಓಳಂಬಾ ಎರಡೂ ನುಡಿಯವರ ಬಾಯಲ್ಲಿ ಓಡಾಡುತ್ತವೆ.

ಹಳೆಯ ಮಾಳಿಗೆ ಮನೆಯಲ್ಲಿ ಬಡಿಗನ ಕೆಲಸ ಕಣ್ಣಿಗೆ ಕಾಣುತ್ತಿತ್ತು. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮಣ್ಣು. ಮನೆ ಇರುವವರೆಗೂ ಅವನ ಮರ ಇರುತ್ತಿತ್ತು. ಕಾಂಕ್ರೀಟಿನ ಛಾವಣಿ ಬಂದ ಮೇಲೆ ಮರವು ಛಾವಣಿಯನ್ನು ಬಿಟ್ಟು ಅದರ ಕೆಳಗೆ ಇಳಿಯಿತು. ಬಾಗಿಲು ಕಿಟಕಿ ಮಾಡುವ ಬಡಿಗ ಇಂದಿಗೂ ಇದ್ದಾನೆ. ಸೆಂಟ್ರಿಂಗ್ ಬಡಿಗನು ಮಾತ್ರ ಕಳಚಿ ಒಯ್ಯುವುದಕ್ಕಾಗಿಯೇ ಕಟ್ಟುತ್ತಾನೆ.

ಅವನು ಕಟ್ಟುವುದು ಹಸಿ ಕಾಂಕ್ರೀಟಿಗೆ ಅಚ್ಚನ್ನು. ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆಯ ಮೇಲೆ ಐದಂಗುಲ ದಪ್ಪದ ಸ್ಲ್ಯಾಬು ಸುರಿದರೆ ಅದರ ತೂಕ ಸುಮಾರು 3.5 ಟನ್. ಸುರಿಯುವ ಆಳುಗಳ ಭಾರ, ಯಂತ್ರದ ಅದುರು ಬೇರೆ. ಇಷ್ಟನ್ನೂ ಮೊದಲು ಹೊರುವುದು ಗೋಡೆಯಲ್ಲ, ಹಲಗೆ ಅಥವಾ ಕಬ್ಬಿಣದ ಪ್ಲೇಟುಗಳೂ ಅವುಗಳ ಕೆಳಗಿನ ಆಧಾರದ ಕಂಬಗಳೂ. ಕಂಬ ಹಸಿ ಮಣ್ಣಿನ ಮೇಲೆ ನಿಂತರೆ ಕುಸಿಯುತ್ತದೆ. ಆದ್ದರಿಂದ ಅದರ ಬುಡಕ್ಕೆ ಹಲಗೆ ಕೊಡಬೇಕು. ಪ್ಲೇಟುಗಳ ಸಂದಿಯಲ್ಲಿ ಸಿಮೆಂಟಿನ ಹಾಲು ಸೋರಿಹೋದರೆ ಆ ಭಾಗ ಜೇನುಗೂಡಿನಂತೆ ಟೊಳ್ಳಾಗುತ್ತದೆ. ಅಂಟದಿರಲೆಂದು ಮೊದಲೇ ಎಣ್ಣೆ ಸವರಬೇಕು. ಈ ಕೆಲಸ ಮುಗಿಯದೆ ಕಬ್ಬಿಣ ಕಟ್ಟುವವನು ಮೇಲೇರುವಂತಿಲ್ಲ.

ಕಟ್ಟುವುದಕ್ಕಿಂತ ಬಿಚ್ಚುವುದರಲ್ಲಿ ವಿವೇಕ ಹೆಚ್ಚು ಬೇಕು. ಭಾರತೀಯ ಮಾನಕ 456 (2000) ಇದಕ್ಕೆ ಕನಿಷ್ಠ ಅವಧಿಯನ್ನು ಹೇಳುತ್ತದೆ. ಕಂಬ, ಗೋಡೆಗಳ ಪಕ್ಕದ ಅಚ್ಚಿಗೆ 16ರಿಂದ 24 ಗಂಟೆ, 4.5 ಮೀಟರಿನವರೆಗಿನ ಸ್ಲ್ಯಾಬಿನ ಆಧಾರಗಳಿಗೆ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ. 6 ಮೀಟರಿಗೂ ಉದ್ದದ ತೊಲೆಗೆ 21 ದಿನ. ಚಳಿಯಲ್ಲಿ ಕಾಂಕ್ರೀಟು ನಿಧಾನವಾಗಿ ಗಟ್ಟಿಯಾಗುವುದರಿಂದ ಇನ್ನೂ ಕಾಯಬೇಕು. ಪ್ಲೇಟುಗಳು ದಿನದ ಬಾಡಿಗೆಯವಾದ್ದರಿಂದ ಬೇಗ ಬಿಚ್ಚೆಂದು ಅವಸರಪಡಿಸುವವರು ಮೇಲೆ ನಿಂತಿರುತ್ತಾರೆ; ಬಿಚ್ಚುವವನು ಅದೇ ಛಾವಣಿಯ ಕೆಳಗೆ ನಿಂತಿರುತ್ತಾನೆ. ‘ಇನ್ನೂ ಎರಡು ದಿನ ಬಿಡ್ರಿ ಸಾಹೇಬ್ರ’ ಎನ್ನುವ ಅನುಭವಿ ಬಡಿಗನಿಗೆ ಮಾನಕದ ಸಂಖ್ಯೆ ತಿಳಿಯದಿರಬಹುದು, ಆದರೆ ಅವನು ಹೇಳುವುದು ಅದನ್ನೇ.

ಇಂಥವನ ಕೈಗೆ ಕಾಗದದ ಆಧಾರ ಸಿಗುವುದು ಕಷ್ಟ. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯಿದೆಯಿಂದ ಆರಂಭವಾದ ನೋಂದಣಿಗೆ ವಯಸ್ಸು 18ರಿಂದ 60ರೊಳಗಿರಬೇಕು. ಹಿಂದಿನ 12 ತಿಂಗಳುಗಳಲ್ಲಿ ಕನಿಷ್ಠ 90 ದಿನ ದುಡಿದಿರಬೇಕು. ದುಡಿಮೆಯೇನೋ ಅದಕ್ಕಿಂತ ಬಹಳ ಹೆಚ್ಚೇ ಇರುತ್ತದೆ. ಆದರೆ ಎಂಟು ದಿನ ಒಬ್ಬ ಗುತ್ತಿಗೆದಾರನಲ್ಲಿ, ಹದಿನೈದು ದಿನ ಇನ್ನೊಬ್ಬನಲ್ಲಿ ದುಡಿದವನು ಯಾರ ಸಹಿಯನ್ನು ತರಬೇಕು? ಮನೆಯಲ್ಲಿ ಬಡಿಗ, ಕೆಲಸದಲ್ಲಿ ಸೆಂಟ್ರಿಂಗ್‌ನವ, ಮರಾಠಿ ಅರ್ಜಿಯಲ್ಲಿ ಸುತಾರ ಆಗುವವನು ಆ ಅರ್ಜಿಯ ಮುಂದೆ ತಡವರಿಸುವುದು ಸಹಜ. ಎರಡೂ ಭಾಷೆ ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಅದನ್ನು ತುಂಬುವುದು ಅರ್ಧ ಗಂಟೆಯ ಕೆಲಸ. ಅದಕ್ಕೂ ಮೊದಲು ಮನೆಯಲ್ಲೊಂದು ವಹಿ ಇಟ್ಟು, ದಿನಾಂಕ, ಊರು, ಗುತ್ತಿಗೆದಾರನ ಹೆಸರುಗಳನ್ನು ಪ್ರತಿದಿನ ಸಂಜೆ ಬರೆಯುತ್ತ ಹೋಗಬೇಕು. ಕೆಲಸ ಬಿಡುವ ದಿನವೇ ಅದರ ಕೆಳಗೆ ಸಹಿ ಹಾಕಿಸಿಕೊಳ್ಳಬೇಕು.