ದ್ವೀಪಯಾನದ ಬಾಡಿಗೆ ದೋಣಿ: ವರ್ತಕರು ಅರಿಯಬೇಕಾದ ಲೆಕ್ಕಾಚಾರ

ಅಡಿಕೆ ಕೊಯ್ಲು ಮುಗಿದು, ಮಾಲು ಮಾರುಕಟ್ಟೆ ಸೇರಿ, ಖಾತೆಗಳು ಒಂದು ಹದಕ್ಕೆ ಬಂದ ಮೇಲೆ ಕುಟುಂಬ ಸಮೇತ ನಾಲ್ಕು ದಿನ ಊರು ಬಿಟ್ಟು ಹೋಗಿಬರಬೇಕೆಂಬ ಆಸೆ ಉಬ್ರಾಣಿ, ಚನ್ನಗಿರಿ, ಹೊನ್ನಾಳಿ ಭಾಗದ ವರ್ತಕ ಬಂಧುಗಳಲ್ಲಿ ಸಹಜವಾದುದು. ಶಿವಮೊಗ್ಗ, ಸಾಗರ, ಜೋಗ ಮಾರ್ಗವಾಗಿ ಹೊನ್ನಾವರಕ್ಕಿಳಿದು ಮುರುಡೇಶ್ವರದ ದರ್ಶನ ಪಡೆಯುವುದು ಈ ಪ್ರವಾಸದ ರೂಢಿಯ ದಾರಿ. ಹಿಂದೆ ಸಮುದ್ರವನ್ನು ದಡದಲ್ಲಿ ನಿಂತು ನೋಡಿ, ಕಾಲು ತೋಯಿಸಿಕೊಂಡು ಹಿಂತಿರುಗುತ್ತಿದ್ದವರು ಈಗ ದೋಣಿಯನ್ನೇ ಬಾಡಿಗೆಗೆ ಹಿಡಿದು ದ್ವೀಪಕ್ಕೆ ಹೋಗಿ, ನಡುನೀರಿನಲ್ಲಿ ಈಜಿ, ಕನ್ನಡಕ ಧರಿಸಿ ಹವಳದ ಮೀನುಗಳನ್ನು ನೋಡಿ ಬರುತ್ತಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಸಾಕ್ಷ್ಯಚಿತ್ರವು ನೇತ್ರಾಣಿಯ ನೀರೊಳಗಿನ ನೋಟವನ್ನು ಒಳನಾಡಿನ ಜನರಿಗೂ ತೋರಿಸಿಕೊಟ್ಟಿತು.

ಈ ವಿಹಾರವು ಆನಂದದಾಯಕವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಾಡಿಗೆ ದೋಣಿಯ ಒಪ್ಪಂದವು ಕಾರು ಬಾಡಿಗೆಯಂತಹುದಲ್ಲ. ಇಲ್ಲಿ ಹಣ ಕೊಟ್ಟವನಿಗೂ ಹಣ ಪಡೆದವನಿಗೂ ಮೇಲ್ಪಟ್ಟ ಮೂರನೆಯ ಪಕ್ಷವೊಂದಿದೆ, ಅದು ಸಮುದ್ರ. ಆದ್ದರಿಂದ ಇದನ್ನು ಮೋಜಿನ ದೃಷ್ಟಿಯಿಂದ ಮಾತ್ರವಲ್ಲದೆ ವ್ಯವಹಾರದ ದೃಷ್ಟಿಯಿಂದಲೂ ನೋಡುವುದು ಅಗತ್ಯ.

ನಮ್ಮ ಕರಾವಳಿಯ ದ್ವೀಪಗಳು

ಫಿಲಿಪ್ಪೀನ್ಸ್ ಅಥವಾ ಥಾಯ್ಲೆಂಡ್‌ನಂತೆ ಒಂದೇ ದಿನದಲ್ಲಿ ನಾಲ್ಕೈದು ದ್ವೀಪಗಳನ್ನು ಸುತ್ತಿಬರುವ ದ್ವೀಪಮಾಲೆ ಕರ್ನಾಟಕಕ್ಕಿಲ್ಲ. ಇರುವ ದ್ವೀಪಗಳು ಬೇರೆ ಬೇರೆ ಬಂದರುಗಳ ಎದುರಿಗೆ ಹರಡಿಕೊಂಡಿವೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಊರಿಂದೂರಿಗೆ ಸಾಗುತ್ತ ಎರಡು ಮೂರು ದಿನಗಳಲ್ಲಿ ಇವನ್ನು ನೋಡುವುದು ಸೂಕ್ತ.

ಮೊದಲನೆಯದು ನೇತ್ರಾಣಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಮೇಲಿನಿಂದ ನೋಡಿದರೆ ಹೃದಯದ ಆಕಾರದಲ್ಲಿ ಕಾಣುವ ದ್ವೀಪವಿದು. ಮೀನುಗಾರರು ನಡೆದುಕೊಳ್ಳುವ ಜಟ್ಟಿಗೇಶ್ವರನ ಸ್ಥಾನ ಇಲ್ಲಿದೆ. ನೌಕಾಪಡೆಯು ಬಹುಕಾಲ ಇದನ್ನು ಗುರಿ ಅಭ್ಯಾಸಕ್ಕೆ ಬಳಸಿತ್ತು. ದಡ ಕಡಿದಾದ ಬಂಡೆಯಾದ್ದರಿಂದ ಪ್ರವಾಸಿಗರು ದ್ವೀಪ ಹತ್ತುವುದಿಲ್ಲ. ದೋಣಿಯನ್ನು ಸಮೀಪದಲ್ಲಿ ನಿಲ್ಲಿಸಿ ಅಲ್ಲಿಂದಲೇ ನೀರಿಗಿಳಿಯುತ್ತಾರೆ. ಹವಳ, ಗಿಳಿಮೀನು, ಚಿಟ್ಟೆಮೀನು, ಒಮ್ಮೊಮ್ಮೆ ಕಡಲಾಮೆಗಳು ಕಾಣಸಿಗುತ್ತವೆ. ರಾಜ್ಯದಲ್ಲಿ ಸ್ನಾರ್ಕೆಲಿಂಗ್ ಮತ್ತು ಸ್ಕೂಬಾ ಮುಳುಗುವಿಕೆಗೆ ಪ್ರಮುಖ ಸ್ಥಳವೆಂದರೆ ಇದೇ.

ಎರಡನೆಯದು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳು. ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾರಸವು ಗಟ್ಟಿಯಾಗಿ ರೂಪುಗೊಂಡ ಕಂಬಶಿಲೆಗಳಿಗಾಗಿ ಇವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿವೆ. ಇಲ್ಲಿ ಇಳಿದು ನಡೆದಾಡಬಹುದು. ಆದರೆ ಬಂಡೆಗಳ ನಡುವಿನ ನೀರು ಅಪಾಯಕಾರಿ. ಕಾವಲುಗಾರರು ತೋರಿಸಿದ ಜಾಗವನ್ನು ಬಿಟ್ಟು ಇಳಿಯಬಾರದು.

ಮೂರನೆಯದು ಕಾರವಾರದ ಸುತ್ತಲಿನ ಗುಂಪು. ಕಾಳಿ ನದಿಯ ಅಳಿವೆಯ ಸಮೀಪ ನರಸಿಂಹ ದೇವರ ಕೂರ್ಮಗಡ, ಅದಕ್ಕೂ ಆಚೆ ದೀಪಸ್ತಂಭವಿರುವ ದೇವಗಡ ದ್ವೀಪಗಳಿವೆ. ಅಂಜುದೀವ್ ನೌಕಾನೆಲೆಗೆ ಸೇರಿರುವುದರಿಂದ ಅಲ್ಲಿಗೆ ಪ್ರವೇಶವಿಲ್ಲ. ಇನ್ನು ಹೊನ್ನಾವರದ ಎದುರಿಗಿರುವ ಬಸವರಾಜದುರ್ಗವು ಕೆಳದಿ ಅರಸರ ಕೋಟೆ. ಕೆಳದಿ ಚೆನ್ನಮ್ಮಾಜಿಯ ಹೆಸರನ್ನು ಹೊತ್ತ ಚನ್ನಗಿರಿಯವರಿಗೆ ಈ ಕಡಲಕೋಟೆ ಪರಕೀಯವೇನಲ್ಲ.

ದೋಣಿಯ ಮಾಲೀಕನ ಖಾತೆ

ಬಾಡಿಗೆ ದೋಣಿಯ ಅಪಾಯ ಎಲ್ಲಿ ಹುಟ್ಟುತ್ತದೆಂಬುದನ್ನು ತಿಳಿಯಬೇಕಾದರೆ ಮೊದಲು ಅದರ ಮಾಲೀಕನ ಖಾತೆಪುಸ್ತಕವನ್ನು ಊಹಿಸಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕಡಲು ಈ ವ್ಯವಹಾರಕ್ಕೆ ಮುಚ್ಚಿದ ಅಂಗಡಿ. ಉಳಿದ ಎಂಟು ತಿಂಗಳಲ್ಲಿಯೂ ಗಾಳಿ ಎದ್ದ ದಿನಗಳು, ನೀರು ಕದಡಿದ ದಿನಗಳು ಕಳೆಯುತ್ತವೆ. ಜನರು ಬರುವುದು ಬಹುತೇಕ ವಾರದ ಕೊನೆಗೆ ಮತ್ತು ರಜೆಗಳಲ್ಲಿ. ಆದರೆ ಬ್ಯಾಂಕಿನ ಕಂತು, ಎಂಜಿನ್ ದುರಸ್ತಿ, ತಾಂಡೇಲನ ಸಂಬಳ ಇವು ಹನ್ನೆರಡು ತಿಂಗಳೂ ನಡೆಯುತ್ತವೆ. ವರ್ಷದ ಗಳಿಕೆಯೆಲ್ಲ ಕೆಲವೇ ದಿನಗಳ ಮೇಲೆ ನಿಂತಿರುವಾಗ ಆ ದಿನಗಳಲ್ಲಿ ‘ಇಂದು ಹೋಗುವುದು ಬೇಡ’ ಎನ್ನುವುದು ಎಷ್ಟು ಕಷ್ಟವೆಂಬುದು ಹಂಗಾಮಿನ ವ್ಯಾಪಾರ ಮಾಡುವ ನಮಗೆ ಹೇಳಿಕೊಡಬೇಕಾಗಿಲ್ಲ.

ಎರಡನೆಯ ಒತ್ತಡ ತಲೆಲೆಕ್ಕದ್ದು. ಒಂದು ಯಾನಕ್ಕೆ ತಗಲುವ ಡೀಸೆಲ್ ಮತ್ತು ಸಂಬಳ ಎಂಟು ಜನರಿಗಾದರೂ ಹನ್ನೆರಡು ಜನರಿಗಾದರೂ ಹೆಚ್ಚು ಕಡಿಮೆ ಒಂದೇ. ಎಂಟು ಜನರ ಬದಲು ಹನ್ನೆರಡು ಜನ ಹತ್ತಿದರೆ ತಲಾ ವೆಚ್ಚ ಮೂರನೆಯ ಒಂದು ಭಾಗದಷ್ಟು ಇಳಿಯುತ್ತದೆ. ಈ ಉಳಿತಾಯದ ಆಸೆ ಮಾಲೀಕನದು ಮಾತ್ರವಲ್ಲ. ‘ಇನ್ನಿಬ್ಬರನ್ನು ಸೇರಿಸಿಕೊಳ್ಳಿ, ಮಕ್ಕಳೇನು ಲೆಕ್ಕಕ್ಕೆ?’ ಎಂದು ಚೌಕಾಸಿ ಮಾಡುವ ಗಿರಾಕಿಯದೂ ಹೌದು.

ಲಾರಿಗೆ ಮೂಟೆ ಹೇರಿಸುವವರಿಗೆ ಹೊರೆಯ ಶಾಸ್ತ್ರ ಗೊತ್ತು. ಭಾರ ಮಿತಿಯಲ್ಲಿದ್ದರೂ ಎತ್ತರಕ್ಕೆ ಹೇರಿದರೆ ತಿರುವಿನಲ್ಲಿ ಲಾರಿ ವಾಲುತ್ತದೆ. ದೋಣಿಯಲ್ಲಿ ಈ ತೊಂದರೆ ಇಮ್ಮಡಿ. ಏಕೆಂದರೆ ಇಲ್ಲಿ ಹೊರೆಯು ತಾನೇ ಎದ್ದು ನಿಲ್ಲುತ್ತದೆ, ಡಾಲ್ಫಿನ್ ಕಂಡೊಡನೆ ಒಂದೇ ಮಗ್ಗುಲಿಗೆ ಓಡುತ್ತದೆ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಹಿಂತಿರುಗುತ್ತಿದ್ದ ದೋಣಿಯೊಂದು ಕಾರವಾರದ ಬಳಿ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಮೃತರಲ್ಲಿ ಮಕ್ಕಳೂ ಇದ್ದರು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಸಮುದ್ರ ರಿಯಾಯಿತಿ ತೋರಲಿಲ್ಲ.

ಆದ್ದರಿಂದ ಗಿರಾಕಿಯು ಮೆಚ್ಚಬೇಕಾದುದು ಕಡಿಮೆ ದರ ಹೇಳುವ ದೋಣಿಯವನನ್ನಲ್ಲ, ‘ಇಲ್ಲ’ ಎನ್ನಬಲ್ಲ ದೋಣಿಯವನನ್ನು. ಹೆಚ್ಚಿನ ಜನರನ್ನು ಹತ್ತಿಸಲಾರೆ, ಗಾಳಿಯಿದೆ ಹೋಗಲಾರೆ, ಕುಡಿದವರನ್ನು ನೀರಿಗಿಳಿಸಲಾರೆ ಎಂದು ಹೇಳುವವನ ದರ ತುಸು ಹೆಚ್ಚಿದ್ದರೆ ಆ ಹೆಚ್ಚಳವೇ ನಮ್ಮ ವಿಮೆಯ ಕಂತು ಎಂದು ಭಾವಿಸಬೇಕು.

ಕೆರೆಯ ಈಜು, ಕಡಲಿನ ಈಜು

ಸೂಳೆಕೆರೆಯ ನೀರು ನೋಡಿ ಬೆಳೆದವರಿಗೆ, ತೋಟದ ಬಾವಿಯಲ್ಲಿ ಈಜು ಕಲಿತವರಿಗೆ ‘ನನಗೆ ಈಜು ಬರುತ್ತದೆ’ ಎಂಬ ಧೈರ್ಯವಿರುತ್ತದೆ. ಈ ಧೈರ್ಯ ಅರ್ಧ ಸರಿ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಅದು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಸಾಂದ್ರ. ಮೈ ಸ್ವಲ್ಪ ಸುಲಭವಾಗಿ ತೇಲುತ್ತದೆ. ಆದರೆ ಬಾವಿಯ ನೀರು ನಿಂತ ನೀರು, ಕಡಲಿನದು ನಡೆಯುವ ನೀರು. ಹತ್ತು ನಿಮಿಷ ಮೀನು ನೋಡುತ್ತ ತಲೆ ತಗ್ಗಿಸಿಕೊಂಡಿದ್ದವನು ತಲೆಯೆತ್ತುವಷ್ಟರಲ್ಲಿ ದೋಣಿ ದೂರವಾಗಿರಬಹುದು. ದಡದ ಬಳಿ ಅಲೆಗಳು ಹಿಂತಿರುಗುವ ಸೆಳೆತಕ್ಕೆ ಸಿಕ್ಕಿದವರು ನೇರವಾಗಿ ದಡದತ್ತ ಈಜಿ ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ನಂತರ ದಡ ಸೇರಬೇಕು. 2024ರ ಡಿಸೆಂಬರ್‌ನಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲತೀರದಲ್ಲಿ ನೀರುಪಾಲಾದುದು ಒಳನಾಡಿನವರೆಲ್ಲರೂ ನೆನಪಿಡಬೇಕಾದ ಘಟನೆ.

ಸ್ನಾರ್ಕೆಲಿಂಗ್‌ನ ಸಾಮಗ್ರಿ ಸರಳ: ಮೂಗು ಮುಚ್ಚುವ ಕನ್ನಡಕ, ಬಾಯಲ್ಲಿ ಕಚ್ಚುವ ಉಸಿರುಕೊಳವೆ, ಕಾಲಿಗೆ ರಬ್ಬರಿನ ಈಜುರೆಕ್ಕೆ. ನೀರಿನ ಮೇಲೆ ಬೋರಲು ತೇಲುತ್ತ ಕೊಳವೆಯ ಮೂಲಕ ಉಸಿರಾಡಿ ಕೆಳಗೆ ನೋಡುವುದಷ್ಟೇ ಕೆಲಸ. ಕೊಳವೆ ಏಕೆ ಒಂದು ಮೊಳದಷ್ಟು ಗಿಡ್ಡವಾಗಿದೆ, ಉದ್ದದ ಕೊಳವೆಯಿಂದ ಆಳಕ್ಕೆ ಹೋಗಬಾರದೇಕೆ ಎಂಬ ಪ್ರಶ್ನೆ ಏಳಬಹುದು. ಒಂದು ಮೀಟರ್ ಆಳಕ್ಕೆ ಇಳಿದರೂ ನೀರು ವಾಯುಭಾರದ ಹತ್ತನೆಯ ಒಂದು ಭಾಗದಷ್ಟು ಹೆಚ್ಚುವರಿ ಒತ್ತಡದಿಂದ ಎದೆಯನ್ನು ಅದುಮುತ್ತದೆ. ಆ ಒತ್ತಡದ ಎದುರು ಪಕ್ಕೆಲುಬಿನ ಸ್ನಾಯುಗಳು ಹೊರಗಿನ ಗಾಳಿಯನ್ನು ಎಳೆದುಕೊಳ್ಳಲಾರವು. ಅಲ್ಲದೆ ಉದ್ದ ಕೊಳವೆಯಲ್ಲಿ ಬಿಟ್ಟ ಉಸಿರೇ ಮರಳಿ ಒಳಹೋಗುತ್ತದೆ. ಆಳಕ್ಕೆ ಹೋಗಬೇಕಾದರೆ ಒತ್ತಡದ ಗಾಳಿಯ ಸಿಲಿಂಡರ್ ಹೊತ್ತ ಸ್ಕೂಬಾ ವಿಧಾನವೇ ಬೇಕು. ಅದಕ್ಕೆ ತರಬೇತಾದವರ ಜೊತೆ ಅನಿವಾರ್ಯ.

ಹೃದ್ರೋಗ, ಅಧಿಕ ರಕ್ತದೊತ್ತಡ, ಅಸ್ತಮಾ ಉಳ್ಳವರು ಹೊರಡುವ ಮುನ್ನ ವೈದ್ಯರನ್ನು ಕಾಣಬೇಕು. ಕೊಳವೆಯಲ್ಲಿ ಉಸಿರಾಡುವ ರೂಢಿಯನ್ನು ದಾವಣಗೆರೆ ಅಥವಾ ಶಿವಮೊಗ್ಗದ ಈಜುಕೊಳದಲ್ಲಿ ಮೊದಲೇ ಮಾಡಿಕೊಳ್ಳುವುದು ಲೇಸು. ಭದ್ರಾ ನಾಲೆಯಲ್ಲಿ ಇಂತಹ ಪ್ರಯೋಗ ಖಂಡಿತ ಬೇಡ.

ಮುಂಗಡ ಕೊಡುವ ಮುನ್ನ

ಖಾಸಗಿಯಾಗಿ ದೋಣಿ ಗೊತ್ತುಮಾಡುವವರು ಈ ಕೆಳಗಿನ ಅಂಶಗಳನ್ನು ಮಾತಿನಲ್ಲಲ್ಲದೆ ಬರಹದಲ್ಲಿ ಖಚಿತಪಡಿಸಿಕೊಳ್ಳುವುದು ಒಳಿತು.

1. ದೋಣಿಯ ನೋಂದಣಿ, ಪ್ರಯಾಣಿಕರ ಗರಿಷ್ಠ ಸಂಖ್ಯೆ ಮತ್ತು ವಿಮೆಯ ಪತ್ರಗಳನ್ನು ಕಣ್ಣಾರೆ ನೋಡಬೇಕು. ಮಕ್ಕಳನ್ನೂ ಸಿಬ್ಬಂದಿಯನ್ನೂ ಎಣಿಕೆಗೆ ಸೇರಿಸಬೇಕು.

2. ಪ್ರತಿಯೊಬ್ಬರಿಗೂ ಅಳತೆಗೆ ತಕ್ಕ ಲೈಫ್ ಜಾಕೆಟ್ ಇರಬೇಕು; ಮಕ್ಕಳಿಗೆ ಮಕ್ಕಳದೇ ಬೇಕು. ಆಸನದ ಕೆಳಗೆ ಕಟ್ಟಿಟ್ಟ ಜಾಕೆಟ್ ಅಪಾಯದ ವೇಳೆ ಇಲ್ಲದ ಜಾಕೆಟ್ಟಿಗೆ ಸಮ.

3. ಹವಾಮಾನದ ಕಾರಣ ಯಾನ ರದ್ದಾದರೆ ಹಣ ವಾಪಸಾಗುವುದೇ, ಬೇರೆ ದಿನ ಕೊಡುವರೇ ಎಂಬುದು ಮೊದಲೇ ತೀರ್ಮಾನವಾಗಬೇಕು. ಮುಂಗಡ ಮುಳುಗುವುದೆಂಬ ಭಯದಿಂದ ಗಿರಾಕಿಯೇ ‘ಹೇಗಾದರೂ ಹೋಗೋಣ’ ಎಂದು ತಾಂಡೇಲನನ್ನು ಒತ್ತಾಯಿಸುವ ಸಂದರ್ಭಗಳುಂಟು. ಹಿಂತಿರುಗುವ ದಿನವನ್ನು ಒಂದು ದಿನ ಸಡಿಲವಾಗಿಟ್ಟುಕೊಂಡರೆ ಈ ಒತ್ತಡ ತಪ್ಪುತ್ತದೆ.

4. ಹಿಂದಿನ ದಿನವೇ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಪ್ರಕಟಿಸುವ ಎತ್ತರದ ಅಲೆಗಳ ಮುನ್ಸೂಚನೆಯನ್ನೂ ನೋಡಬೇಕು.

5. ನೀರಿಗಿಳಿದವರ ಮೇಲೆ ಕಣ್ಣಿಡಲು ದೋಣಿಯಲ್ಲಿ ಒಬ್ಬರು, ನೀರಿನಲ್ಲಿ ಒಬ್ಬ ಮಾರ್ಗದರ್ಶಿ ಇರಬೇಕು. ಜನ ನೀರಿನಲ್ಲಿರುವಾಗ ಎಂಜಿನ್ ನಿಂತಿರಬೇಕು. ಇಳಿದವರ ಎಣಿಕೆ ಹತ್ತಿದವರ ಎಣಿಕೆಗೆ ತಾಳೆಯಾದ ನಂತರವೇ ಲಂಗರು ಎತ್ತಬೇಕು.

6. ನಡುಗಡಲಿನಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ. ದೋಣಿಯಲ್ಲಿ ರೇಡಿಯೋ ಉಪಕರಣವಿದೆಯೇ ಎಂದು ಕೇಳಬೇಕು. ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದು 1093.

ಬಂಡವಾಳವನ್ನೇ ಕರಗಿಸಬಾರದು

ಈ ಉದ್ಯಮದ ಮೂಲ ಬಂಡವಾಳ ದೋಣಿಯಲ್ಲ, ನೀರಿನಡಿಯ ಹವಳ. ಥಾಯ್ಲೆಂಡಿನ ಮಾಯಾ ಬೇ ಎಂಬ ಪುಟ್ಟ ಕೊಲ್ಲಿಗೆ ದಿನಕ್ಕೆ ಸಾವಿರಾರು ಜನರನ್ನು ದೋಣಿಗಳು ಸುರಿಯತೊಡಗಿದ ಪರಿಣಾಮವಾಗಿ ಅಲ್ಲಿನ ಹವಳ ಹಾಳಾಗಿ, 2018ರ ಜೂನ್‌ನಲ್ಲಿ ಸರ್ಕಾರ ಅದನ್ನು ಮುಚ್ಚಬೇಕಾಯಿತು. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ದೋಣಿಗಳು ಕೊಲ್ಲಿಯೊಳಗೆ ಬರದಂತೆ, ಜನರು ಈಜದಂತೆ ನಿರ್ಬಂಧಿಸಲಾಯಿತು. ಮೂರೂವರೆ ವರ್ಷ ಮುಚ್ಚಿದ ಅಂಗಡಿಯ ನಷ್ಟವನ್ನು ಯಾವ ವರ್ತಕನೂ ಊಹಿಸಬಲ್ಲ. ಇದಕ್ಕೆ ಪ್ರತಿಯಾಗಿ ಫಿಲಿಪ್ಪೀನ್ಸ್‌ನ ಎಲ್ ನಿಡೋದಲ್ಲಿ ದ್ವೀಪಯಾನಗಳನ್ನು ಎ, ಬಿ, ಸಿ, ಡಿ ಎಂದು ನಿಗದಿತ ಮಾರ್ಗಗಳಾಗಿ ವಿಂಗಡಿಸಿ, ಪ್ರವಾಸಿಗರಿಂದ ಪರಿಸರ ಶುಲ್ಕ ವಸೂಲಿ ಮಾಡುತ್ತಾರೆ. ಯಾವ ಮಾರ್ಗದಲ್ಲಿ ಯಾವ ದ್ವೀಪ ಎಂಬುದು ಗಿರಾಕಿಗೆ ಮೊದಲೇ ತಿಳಿದಿರುವುದರಿಂದ ವ್ಯವಹಾರದಲ್ಲಿ ಸ್ಪಷ್ಟತೆಯಿದೆ.

ನಮ್ಮಲ್ಲಿಯೂ ಲಂಗರನ್ನು ಹವಳದ ಮೇಲೆ ಎಸೆಯುವ ಬದಲು ಶಾಶ್ವತ ತೇಲುಬುರುಡೆಗಳಿಗೆ ದೋಣಿ ಕಟ್ಟುವ ವ್ಯವಸ್ಥೆ ಹೆಚ್ಚಬೇಕು. ಹವಳವು ಕಲ್ಲಿನಂತೆ ಕಂಡರೂ ಜೀವಿ. ವರ್ಷಗಟ್ಟಲೆ ಬೆಳೆದ ಕೊಂಬೆ ಒಂದು ಕಾಲೊದೆತಕ್ಕೆ ಮುರಿಯುತ್ತದೆ. ಅದರ ಮೇಲೆ ನಿಲ್ಲುವುದಾಗಲಿ, ತುಂಡನ್ನು ನೆನಪಿಗೆಂದು ತರುವುದಾಗಲಿ ಸಲ್ಲದು. ಬಿಸಿಲಿಗೆ ಮುಲಾಮು ಬಳಿದುಕೊಳ್ಳುವುದಕ್ಕಿಂತ ತುಂಬುತೋಳಿನ ಈಜುಡುಗೆ ಮೇಲು.

ಸಣ್ಣ ಉದ್ದಿಮೆದಾರರಿಗೂ ಇಲ್ಲಿ ಗಮನಿಸಬೇಕಾದ ಸಂಗತಿಯಿದೆ. ಲೈಫ್ ಜಾಕೆಟ್ ಎಂದರೆ ಗಟ್ಟಿ ಬಟ್ಟೆ, ತೇಲುವ ಫೋಮ್, ಪಟ್ಟಿ, ಕೊಂಡಿ ಮತ್ತು ಬಲವಾದ ಹೊಲಿಗೆ. ತೇಲುಬುರುಡೆ, ನೀರು ಹೊಗದ ಚೀಲ, ಫೈಬರ್ ದೋಣಿಯ ದುರಸ್ತಿ ಇವು ಕೂಡ ಸಣ್ಣ ಘಟಕಗಳ ಅಳವಿಗೆ ಮೀರಿದವಲ್ಲ. ಜವಳಿಗೆ ಹೆಸರಾದ ದಾವಣಗೆರೆ ಜಿಲ್ಲೆಯ ಹೊಲಿಗೆ ಘಟಕಗಳು ಇತ್ತ ಯೋಚಿಸಬಹುದು. ಆದರೆ ಇದು ಜೀವದ ಸಾಮಗ್ರಿ; ತೇಲುಶಕ್ತಿಯ ಪರೀಕ್ಷೆ ಮತ್ತು ಮಾನಕ ಪ್ರಮಾಣಪತ್ರವಿಲ್ಲದೆ ಮಾರುಕಟ್ಟೆಗಿಳಿಸುವ ವಿಚಾರವನ್ನೇ ಮಾಡಬಾರದು.

ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಅವಧಿ ಈ ಯಾನಕ್ಕೆ ಪ್ರಶಸ್ತ. ಕಡಲು ಶಾಂತವಾಗಿದ್ದು ನೀರು ತಿಳಿಯಾಗಿರುತ್ತದೆ. ತಕ್ಕಡಿಯ ಮುಳ್ಳು ನಿಂತ ಮೇಲೆಯೇ ತೂಕ ಬರೆದುಕೊಳ್ಳುವುದು ನಮ್ಮ ವೃತ್ತಿಯ ಶಿಸ್ತು. ಅದೇ ಶಿಸ್ತನ್ನು ಬಂದರಿನ ಕಟ್ಟೆಯ ಮೇಲೂ ಪಾಲಿಸಿ, ತಲೆ ಎಣಿಸಿ, ಜಾಕೆಟ್ ಬಿಗಿದು, ಗಾಳಿ ನೋಡಿ ಹೊರಟವರಿಗೆ ನೇತ್ರಾಣಿಯ ತಿಳಿನೀರು ಜೀವಮಾನದ ಸಂತೋಷವನ್ನು ಕೊಡುವುದರಲ್ಲಿ ಸಂದೇಹವಿಲ್ಲ. ತಾಂಡೇಲನು ‘ಇಂದು ಬೇಡ’ ಎಂದ ದಿನ ಮಾತ್ರ ದರದ ಮಾತೆತ್ತದೆ ದೇವರ ದರ್ಶನ ಮಾಡಿಕೊಂಡು ಊರಿಗೆ ಮರಳುವುದೇ ಲಾಭದ ವ್ಯಾಪಾರ.